ಅಟ್ಟದ ಮೇಲಿನ ಪತ್ರಿಕೆ

ಲೂಯಿಸಾ ಮೇ ಆಲ್ಕಾಟ್ ಬರೆದ 'ಲಿಟ್ಲ್ ವಿಮೆನ್' ಕಾದಂಬರಿಯ ಮೊದಲ ಭಾಗ ಅಮೆರಿಕದಲ್ಲಿ ಪ್ರಕಟವಾದದ್ದು 1868ರಲ್ಲಿ. ನಾಲ್ವರು ಅಕ್ಕತಂಗಿಯರ ಕಥೆ. ಹೆಣ್ಣುಮಕ್ಕಳಿಗೆ ಸದ್ಗುಣ ಕಲಿಸುವ ಪುಸ್ತಕವೆಂದು ಅದನ್ನು ಬಹುಮಾನವಾಗಿ ಕೊಟ್ಟವರಿದ್ದಾರೆ, ಜೋ ಯಾಕೆ ಲಾರಿಯನ್ನು ಮದುವೆಯಾಗಲಿಲ್ಲ ಎಂದು ಇಂದಿಗೂ ಜಗಳವಾಡುವವರಿದ್ದಾರೆ. ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳ ಪ್ರಬಂಧದ ಪುಸ್ತಕಗಳನ್ನು ತಿದ್ದಿ ಕಣ್ಣು ಸವೆಸಿದ ನನಗೆ ಮಾತ್ರ ಅದು ಬೇರೆಯೇ ಕಾರಣಕ್ಕೆ ಮುಖ್ಯ. ಶಾಲೆಗೆ ಹೋಗದ ಮಕ್ಕಳು ಮನೆಯಲ್ಲೇ ಕೂಡಿ ಕುಳಿತು ಬರೆಯುವುದನ್ನು ಹೇಗೆ ಕಲಿಯುತ್ತಾರೆ ಎಂಬುದನ್ನು ಇಷ್ಟು ವಿವರವಾಗಿ, ಇಷ್ಟು ನಗುನಗುತ್ತಾ ಹೇಳಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಕೊನೆಯ ತಂಗಿ ಏಮಿ ಶಾಲೆ ಬಿಟ್ಟದ್ದು ಹೀಗೆ. ತರಗತಿಯಲ್ಲಿ ಉಪ್ಪಿನಲ್ಲಿ ಹಾಕಿದ ನಿಂಬೆಹಣ್ಣುಗಳ ವಿನಿಮಯ ಒಂದು ಹುಚ್ಚಾಗಿತ್ತು. ಮೇಷ್ಟ್ರು ಅದನ್ನು ನಿಷೇಧಿಸಿದ್ದರು. ಏಮಿ ಇಪ್ಪತ್ತನಾಲ್ಕು ತಂದು ಸಿಕ್ಕಿಬಿದ್ದಳು. ಹಣ್ಣುಗಳನ್ನೆಲ್ಲ ಅವಳ ಕೈಯಿಂದಲೇ ಕಿಟಕಿಯಾಚೆ ಎಸೆಸಿ, ಅಂಗೈಗೆ ಹೊಡೆದು, ಎಲ್ಲರ ಮುಂದೆ ನಿಲ್ಲಿಸಿದರು. ಅಂದೇ ತಾಯಿ ಮಗಳನ್ನು ಶಾಲೆ ಬಿಡಿಸಿದಳು. ಮೂರನೆಯವಳು ಬೆತ್ ಅದಕ್ಕೂ ಮೊದಲೇ, ಬರೀ ಸಂಕೋಚದಿಂದ, ಶಾಲೆಯಲ್ಲಿ ನಿಲ್ಲಲಾರದೆ ಮನೆಗೆ ಬಂದವಳು. ಅಪ್ಪ ಯುದ್ಧಕ್ಕೆ ಹೋದ ಮೇಲೂ ತನ್ನ ಪಾಠವನ್ನು ತಾನೇ ಓದಿಕೊಳ್ಳುತ್ತಿದ್ದಳು. ದೊಡ್ಡವರಾದ ಮೆಗ್ ಮತ್ತು ಜೋ ಇಬ್ಬರೂ ದುಡಿಮೆಗೆ ಹೋಗುತ್ತಾರೆ. ಹೀಗೆ ನಾಲ್ವರಲ್ಲಿ ಒಬ್ಬಳೂ ಶಾಲೆಯಲ್ಲಿಲ್ಲ.

ಈ ನಾಲ್ವರೂ ಶನಿವಾರ ಸಂಜೆ ಅಟ್ಟದ ಮೇಲೆ ಸೇರುತ್ತಾರೆ. ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಓದಿ ಮರುಳಾಗಿ, ಅದರಲ್ಲಿನ ಗಂಡಸರ ಹೆಸರುಗಳನ್ನೇ ತಾವು ಇಟ್ಟುಕೊಂಡು ಒಂದು ಸಂಘ ಕಟ್ಟಿದ್ದಾರೆ. ವಾರಕ್ಕೊಂದು ಕೈಬರಹದ ಪತ್ರಿಕೆ. ಎಲ್ಲರೂ ಬರೆಯಬೇಕು, ಅಧ್ಯಕ್ಷಳಾದ ಮೆಗ್ ಅದನ್ನು ಗಟ್ಟಿಯಾಗಿ ಓದಬೇಕು. ಕಾದಂಬರಿಯ ಹತ್ತನೆಯ ಅಧ್ಯಾಯದಲ್ಲಿ ಒಂದು ಸಂಚಿಕೆಯನ್ನು ಆಲ್ಕಾಟ್ ಇಡಿಯಾಗಿ ಕೊಟ್ಟಿದ್ದಾಳೆ. ಮೆಗ್ ಬರೆದದ್ದು ವೆನಿಸ್ ನಗರದ ಮುಸುಕಿನ ಮದುವೆಯ ಕಥೆ, ನೋಡದ ಊರಿನ ಬಗ್ಗೆ ಬಾಯಿತುಂಬ ವರ್ಣನೆ. ಬೆತ್ ಬರೆದದ್ದು ಒಂದು ಕುಂಬಳಕಾಯಿಯ ಕಥೆ. ಬೀಜ ಬಿತ್ತಿದರು, ಬಳ್ಳಿ ಹಬ್ಬಿತು, ಕಾಯಿ ಸಂತೆಗೆ ಹೋಯಿತು, ಯಾರೋ ಕೊಂಡರು, ಬೇಯಿಸಿದರು, ಊಟಕ್ಕಿಟ್ಟರು. ಅಷ್ಟೇ. ಏಮಿ ಬರೆದದ್ದು 'ಈ ವಾರ ನಾನು ಏನೂ ಬರೆಯಲಿಲ್ಲ, ಕ್ಷಮಿಸಿ' ಎಂಬ ಅರ್ಥದ ಪತ್ರ, ಒಂದು ವಿರಾಮಚಿಹ್ನೆಯೂ ಇಲ್ಲದೆ ಉಸಿರುಗಟ್ಟಿ ಓಡುವ ಪತ್ರ.

ಅದರ ಕೆಳಗೆ ಸಂಪಾದಕರ ಟಿಪ್ಪಣಿ ಇದೆ. ತಪ್ಪೊಪ್ಪಿಕೊಂಡದ್ದು ಧೀರತನ, ಮೆಚ್ಚಿದೆವು. ನಮ್ಮ ಎಳೆಯ ಗೆಳೆಯರು ಸ್ವಲ್ಪ ವಿರಾಮಚಿಹ್ನೆಗಳ ಕಡೆ ಗಮನ ಕೊಟ್ಟರೆ ಇನ್ನೂ ಚೆನ್ನ, ಎಂಬ ಧಾಟಿಯಲ್ಲಿ. ನನ್ನ ವೃತ್ತಿಯಲ್ಲಿರುವ ಯಾರಾದರೂ ಈ ಎರಡು ಸಾಲನ್ನು ಓದಿ ಸುಮ್ಮನಿರಲು ಸಾಧ್ಯವೇ? ಬಿ.ಎಡ್. ತರಗತಿಯಲ್ಲಿ ಒಂದು ವರ್ಷ ಕೂರಿಸಿ ನಮಗೆ ಹೇಳಿಕೊಟ್ಟ ಪ್ರಬಂಧ ತಿದ್ದುವ ವಿಧಾನವೆಲ್ಲ ಇದರಲ್ಲಿದೆ. ಬರೆದದ್ದನ್ನು ಪ್ರಕಟಿಸಿದ್ದಾರೆ, ಬರೆಯಲಿಲ್ಲ ಎಂದು ಬರೆದದ್ದನ್ನೂ ಬರಹವೆಂದೇ ಒಪ್ಪಿದ್ದಾರೆ. ನೂರು ತಪ್ಪುಗಳಲ್ಲಿ ಒಂದನ್ನು ಮಾತ್ರ ಹೇಳಿದ್ದಾರೆ. ಏಮಿ ಮುಂದಿನ ವಾರವೂ ಬರೆಯುತ್ತಾಳೆ ಎಂಬುದರಲ್ಲಿ ನಮಗೆ ಸಂಶಯ ಹುಟ್ಟುವುದಿಲ್ಲ.

ಇದನ್ನು ನಾನು ಈಚೆಗೆ ಮತ್ತೆ ಓದಲು ಕಾರಣ ನನ್ನ ಅಕ್ಕನ ಮಗಳು. ನ್ಯೂಜೆರ್ಸಿಯಲ್ಲಿದ್ದಾಳೆ. ಎರಡು ಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸುತ್ತಾಳೆ. ಅಮೆರಿಕದ 50 ರಾಜ್ಯಗಳಲ್ಲೂ ಅದಕ್ಕೆ ಕಾನೂನಿನ ಒಪ್ಪಿಗೆಯಿದೆ, 2016ರ ಅಲ್ಲಿನ ಸರ್ಕಾರಿ ಸಮೀಕ್ಷೆಯಂತೆ ಸುಮಾರು 17 ಲಕ್ಷ ಮಕ್ಕಳು ಹೀಗೆ ಕಲಿಯುತ್ತಿದ್ದರು. ಗಣಿತವನ್ನು ಅಪ್ಪ ಅಮ್ಮ ಹೇಗೋ ಹೇಳಿಕೊಟ್ಟಾರು. ಸಾಹಿತ್ಯವನ್ನು ಒಂಟಿಯಾಗಿ ಓದಿಸುವುದು ಕಷ್ಟ. ಅದಕ್ಕಾಗಿ ನಾಲ್ಕಾರು ಮನೆಯವರು ಸೇರಿ, ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ, ಓದುವ ಮತ್ತು ಬರೆಯುವ ಒಂದು ಸಣ್ಣ ತರಗತಿ ಮಾಡಿಕೊಳ್ಳುತ್ತಾರೆ. 2023ರ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋದಾಗ ಅಂಥ ಒಂದು ತರಗತಿಯಲ್ಲಿ ಮೂಲೆಯ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದೆ. ಊಟದ ಮೇಜು, ಸುತ್ತ ಹತ್ತರಿಂದ ಹದಿಮೂರು ವಯಸ್ಸಿನ ಏಳು ಮಕ್ಕಳು, ನಿವೃತ್ತ ಶಿಕ್ಷಕಿಯೊಬ್ಬರು. ಅವರು ಆ ತಿಂಗಳು ಓದುತ್ತಿದ್ದದ್ದು ಇದೇ ಕಾದಂಬರಿ.

ಒಬ್ಬ ಹುಡುಗ ಕೇಳಿದ: ಹೊಡೆದ ಮೇಷ್ಟ್ರಿಗೆ ಅಮ್ಮ ಪತ್ರ ಬರೆದು ಜೋ ಕೈಲಿ ಯಾಕೆ ಕಳಿಸಿದಳು, ತಾನೇ ಹೋಗಿ ಕೇಳಬಹುದಿತ್ತಲ್ಲ? ಶಿಕ್ಷಕಿ ಉತ್ತರ ಹೇಳಲಿಲ್ಲ. ಮಕ್ಕಳ ಮುಖವನ್ನು ನೋಡುತ್ತಾ ಕುಳಿತರು. ಒಬ್ಬಳು ಅಮ್ಮನಿಗೆ ಸಿಟ್ಟು ಬಂದರೆ ತಡೆಯಲಾಗುವುದಿಲ್ಲವೆಂದು ಭಯವಿತ್ತು ಎಂದಳು. ಇನ್ನೊಬ್ಬ, ಜೋ ಹೋದರೆ ಮೇಷ್ಟ್ರಿಗೆ ಹೆಚ್ಚು ಅವಮಾನ ಎಂದ. ನಾಲ್ಕೈದು ನಿಮಿಷ ಹೀಗೇ ನಡೆಯಿತು. ನನ್ನ ಒಂಬತ್ತನೆಯ ತರಗತಿಯಲ್ಲಿ ಅಷ್ಟು ಹೊತ್ತಿಗೆ ಹಾಜರಿ ಕೂಗುವುದೂ ಮುಗಿದಿರುವುದಿಲ್ಲ. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ನನ್ನ ತರಗತಿಯಲ್ಲಿ 62 ಮಕ್ಕಳು. ಒಂದು ಪ್ರಬಂಧಕ್ಕೆ ಐದು ನಿಮಿಷವೆಂದರೂ ಒಂದು ಸಲ ತಿದ್ದಿ ಮುಗಿಸಲು ಐದು ಗಂಟೆಯ ಮೇಲಾಗುತ್ತದೆ. ಅದಕ್ಕೇ ನಾವು 'ಗ್ರಂಥಾಲಯದ ಮಹತ್ವ'ವನ್ನು ಹಲಗೆಯ ಮೇಲೆ ಬರೆದು ನಕಲು ಮಾಡಿಸುತ್ತೇವೆ. ಗ್ರಂಥಾಲಯದ ಒಳಗೆ ಕಾಲಿಡದ ಮಗು ಕೂಡ ಅದರ ಮಹತ್ವದ ಬಗ್ಗೆ ಹತ್ತಕ್ಕೆ ಏಳು ಅಂಕ ತೆಗೆಯುತ್ತದೆ.

ಆದರೆ ಆ ಮೇಜಿನ ಮುಂದೆ ಎರಡನೆಯ ಅರ್ಧ ಗಂಟೆ ಶುರುವಾದಾಗ ನನ್ನ ಹೊಟ್ಟೆಕಿಚ್ಚು ಇಳಿಯಿತು. ಈಗ ಬರವಣಿಗೆ. ಪ್ರತಿ ಮಗುವಿನ ಮುಂದೆ ಅಚ್ಚು ಮಾಡಿದ ಒಂದು ಪಟ್ಟಿ. ಪ್ರತಿ ಪ್ಯಾರಾದಲ್ಲಿ ಒಂದು ಉಪಮೆ ಇರಬೇಕು, ಒಂದು ಕ್ರಿಯಾವಿಶೇಷಣ ಇರಬೇಕು, ಗಟ್ಟಿಯಾದ ಒಂದು ಕ್ರಿಯಾಪದ ಇರಬೇಕು. ಇದ್ದರೆ ಅದರ ಕೆಳಗೆ ಗೆರೆ ಎಳೆದು ಪಟ್ಟಿಯಲ್ಲಿ ಗುರುತು ಹಾಕಬೇಕು. ಒಬ್ಬ ಹುಡುಗಿ ತನ್ನ ಅಜ್ಜಿಯ ಕೈಗಳ ಬಗ್ಗೆ ಬರೆದಿದ್ದಳು. ಮೂರು ಸಾಲು ಚೆನ್ನಾಗಿತ್ತು. ನಾಲ್ಕನೆಯದರಲ್ಲಿ ಉಪಮೆ ಬೇಕೆಂದು ಅಜ್ಜಿಯ ಕೈ ಹಳೆಯ ಭೂಪಟದಂತಾಯಿತು, ಐದನೆಯದರಲ್ಲಿ ಆ ಕೈ 'ಭವ್ಯವಾಗಿ' ಚಹಾ ಸುರಿಯಿತು. ಗುರುತು ಬಿತ್ತು. ಹುಡುಗಿ ತೃಪ್ತಿಯಿಂದ ಕಾಗದ ಮಡಿಸಿದಳು. ಏಳೇ ಮಕ್ಕಳು, ಒಳ್ಳೆಯ ಟೀಚರು, ಬೇಕಾದಷ್ಟು ಹೊತ್ತು, ಇಷ್ಟೆಲ್ಲ ಇದ್ದೂ ಅಲ್ಲಿಗೂ ಗೈಡು ಬಂದು ಕುಳಿತಿತ್ತಲ್ಲ!

ಸಂಜೆ ಕೇಳಿದೆ. "ಪರೀಕ್ಷೆ ಇಲ್ಲ, ಅಂಕ ಇಲ್ಲ. ಮತ್ತೆ ಈ ಪಟ್ಟಿ ಯಾಕಮ್ಮಾ?"

"ಅದು ಮಕ್ಕಳಿಗಲ್ಲ ಚಿಕ್ಕಮ್ಮ, ನಮಗೆ," ಎಂದಳು. "ಶಾಲೆ ಬಿಡಿಸಿದ ತಪ್ಪು ಹೊತ್ತಿರುವವರು ನಾವು. ಏನಾದರೂ ಕಲಿತಿದ್ದಾರೆ ಅಂತ ಕಣ್ಣಿಗೆ ಕಾಣಬೇಕಲ್ಲ."

ಇದು ಪ್ರಾಮಾಣಿಕ ಉತ್ತರ. ಅಲ್ಲಿಯ ಪಟ್ಟಿಯೂ ಇಲ್ಲಿಯ ಗೈಡೂ ದೊಡ್ಡವರ ಭಯಕ್ಕೆ ಕೊಡುವ ಔಷಧಗಳು, ಕುಡಿಯುವವರು ಮಾತ್ರ ಮಕ್ಕಳು.

ಮನೆಪಾಠದ ಈ ಚಳವಳಿಯಲ್ಲಿ ಇಂದಿಗೂ ಹಲವರು ಗುರುವೆಂದು ನೆನೆಯುವ ಷಾರ್ಲಟ್ ಮೇಸನ್ (1842–1923) ಇದನ್ನು ಒಪ್ಪುತ್ತಿರಲಿಲ್ಲ. ಇಂಗ್ಲೆಂಡಿನವಳು, ಮದುವೆಯಾಗದ ಶಿಕ್ಷಕಿ. 1886ರಲ್ಲಿ 'ಹೋಂ ಎಜುಕೇಷನ್' ಎಂಬ ಪುಸ್ತಕ ಬರೆದಳು, ಆಂಬಲ್‌ಸೈಡ್ ಎಂಬ ಊರಿನಲ್ಲಿ ಕುಳಿತು ಮನೆಮನೆಗಳಿಗೆ ಪಠ್ಯಕ್ರಮವನ್ನೂ ಪ್ರಶ್ನೆಪತ್ರಿಕೆಯನ್ನೂ ಅಂಚೆಯಲ್ಲಿ ಕಳಿಸುವ ವ್ಯವಸ್ಥೆ ಮಾಡಿದಳು. ಸಾರಾಂಶದ ಪುಸ್ತಕ ಬೇಡ, ಜೀವವಿರುವ ಪುಸ್ತಕ ಕೊಡಿ. ಒಂದೇ ಸಲ ಓದಿ. ಮಗು ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಲಿ. ಸಣ್ಣ ಮಕ್ಕಳಿಗೆ ಪ್ರಬಂಧ ರಚನೆಯನ್ನು ಕಲಿಸಲೇಬಾರದು ಎಂಬುದು ಅವಳ ಮತ. ನಮ್ಮ ಮಲೆನಾಡಿನ ಮನೆಗಳಲ್ಲಿ ತಾಳಮದ್ದಲೆಗೆ ಹೋಗಿಬಂದವರು, ಮಗು ಮಲಗಿತೆಂದು ಮನೆಯಲ್ಲೇ ಉಳಿದವರಿಗೆ ಮಾರನೆಯ ಬೆಳಿಗ್ಗೆ ದೋಸೆ ಹೊಯ್ಯುತ್ತಾ ಇಡೀ ಪ್ರಸಂಗ ಹೇಳುತ್ತಿದ್ದುದನ್ನು ಕಂಡವರಿಗೆ ಇದೇನು ಹೊಸ ವಿಧಾನವಲ್ಲ. ಕೇಳುವವರು ನಿಜವಾಗಿ ಕೇಳದಿದ್ದವರಾದ್ದರಿಂದ ಹೇಳುವವರಿಗೆ ಹುರುಪು ಬರುತ್ತಿತ್ತು. ಮೇಸನ್‌ಳಲ್ಲಿ ನನಗೆ ಕೊರತೆಯೆನಿಸುವುದು ಇಲ್ಲೇ. ಪಾಠ ಓದಿದ ತಾಯಿಗೇ ಮಗು ಅದನ್ನು ತಿರುಗಿ ಹೇಳಬೇಕು. ಗೊತ್ತಿರುವವರಿಗೆ ಗೊತ್ತಿರುವುದನ್ನು ಹೇಳುವುದು ಪರೀಕ್ಷೆಯೇ ಹೊರತು ಕಥೆಯಲ್ಲ.

ಓದುವವರು ಯಾರು ಎಂಬ ಈ ಪ್ರಶ್ನೆಗೆ ಬ್ರಾಂಟಿ ಮನೆಯ ಮಕ್ಕಳು ಕಂಡುಕೊಂಡ ಉತ್ತರ ವಿಚಿತ್ರ. ಅವರನ್ನು ಶಾಲೆಯಿಂದ ಮನೆಗೆ ತಂದದ್ದು ಸಾವು. ಬಡ ಪಾದ್ರಿಗಳ ಹೆಣ್ಣುಮಕ್ಕಳಿಗೆಂದು ಇದ್ದ ವಸತಿ ಶಾಲೆಗೆ 1824ರಲ್ಲಿ ನಾಲ್ವರು ಹೋದರು. ಮರುವರ್ಷ ದೊಡ್ಡವರಿಬ್ಬರು, ಮರಿಯಾ ಮತ್ತು ಎಲಿಜಬೆತ್, ಕ್ಷಯದಿಂದ ತೀರಿಕೊಂಡರು. ಷಾರ್ಲಟ್ ಮತ್ತು ಎಮಿಲಿಯನ್ನು ತಂದೆ ಹಾವರ್ತ್‌ನ ಮನೆಗೆ ಕರೆತಂದ. ತಾಯಿ 1821ರಲ್ಲೇ ಹೋಗಿದ್ದಳು. 1826ರ ಜೂನ್‌ನಲ್ಲಿ ತಂದೆ ಲೀಡ್ಸ್‌ನಿಂದ ಮಗ ಬ್ರಾನ್‌ವೆಲ್‌ಗೆ ಮರದ ಸೈನಿಕರ ಒಂದು ಪೆಟ್ಟಿಗೆ ತಂದುಕೊಟ್ಟ. ನಾಲ್ಕೂ ಮಕ್ಕಳು ಒಂದೊಂದು ಗೊಂಬೆ ಆರಿಸಿ ಹೆಸರಿಟ್ಟರು, ಗೊಂಬೆಗಳಿಗೆ ರಾಜ್ಯ ಕಟ್ಟಿದರು, ಆಮೇಲೆ ಗೊಂಬೆಗಳು ಓದಲು ಪತ್ರಿಕೆ ಬೇಕಾಯಿತು. ಸೈನಿಕರ ಕೈಗೆ ಹಿಡಿಯುವಂತೆ ಬೆಂಕಿಪೊಟ್ಟಣದಷ್ಟು ಪುಸ್ತಕ, ಅದರಲ್ಲಿ ಅಚ್ಚಿನಂತೆ ಕಾಣುವ ಸಾಸಿವೆಕಾಳಿನ ಅಕ್ಷರ. ಹದಿನಾಲ್ಕರ ಷಾರ್ಲಟ್ 1830ರಲ್ಲಿ ಮಾಡಿದ ಅಂಥದೊಂದು ಪುಸ್ತಕವನ್ನು 2019ರಲ್ಲಿ ಪ್ಯಾರಿಸ್ಸಿನ ಹರಾಜಿನಲ್ಲಿ ಬ್ರಾಂಟಿ ವಸ್ತುಸಂಗ್ರಹಾಲಯ 6 ಲಕ್ಷ ಯೂರೋ ಕೊಟ್ಟು ಕೊಂಡಿತು. ಆ ಕಾಗದಕ್ಕೆ ಇಂದು ಬಂದ ಬೆಲೆಗಿಂತ ಅಂದು ಅದಕ್ಕಿದ್ದ ಒಂದು ಅನುಕೂಲ ನನಗೆ ಮುಖ್ಯ. ಅಕ್ಷರ ಅಷ್ಟು ಸಣ್ಣದಾದ್ದರಿಂದ ದೊಡ್ಡವರಿಗೆ ಓದಲು ಸುಲಭವಿರಲಿಲ್ಲ.

ಮಕ್ಕಳು ಬೆಳೆದ ಮೇಲೂ ಆ ಅಭ್ಯಾಸ ಹೋಗಲಿಲ್ಲ. ರಾತ್ರಿ ಒಂಬತ್ತಕ್ಕೆ ಹೊಲಿಗೆ ಎತ್ತಿಟ್ಟು, ಮೂವರು ಸೋದರಿಯರೂ ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡುತ್ತಾ ತಾವು ಬರೆಯುತ್ತಿದ್ದುದನ್ನು ಚರ್ಚಿಸುತ್ತಿದ್ದರೆಂದೂ, ವಾರಕ್ಕೆ ಒಂದೆರಡು ಸಲ ಒಬ್ಬರಿಗೊಬ್ಬರು ಓದಿಹೇಳುತ್ತಿದ್ದರೆಂದೂ ಎಲಿಜಬೆತ್ ಗ್ಯಾಸ್ಕೆಲ್ ತನ್ನ 1857ರ ಜೀವನಚರಿತ್ರೆಯಲ್ಲಿ ಬರೆಯುತ್ತಾಳೆ. 'ಜೇನ್ ಏರ್' ಬೆಳೆದದ್ದು ಅಂಥ ಕೇಳುವವರ ನಡುವೆ.

ಆಲ್ಕಾಟ್ ಮನೆಯಲ್ಲಿ ಈ ಗುಟ್ಟಿಗೆ ಜಾಗವಿರಲಿಲ್ಲ. ಕಾದಂಬರಿಯ ಅಟ್ಟದ ಸಂಘ ಲೇಖಕಿಯ ಸ್ವಂತ ಬಾಲ್ಯದಿಂದಲೇ ಬಂದದ್ದು. ತಂದೆ ಬ್ರಾನ್ಸನ್ 1834ರಲ್ಲಿ ಬಾಸ್ಟನ್‌ನಲ್ಲಿ ಹೊಸ ಬಗೆಯ ಶಾಲೆ ತೆರೆದವನು, ಮಕ್ಕಳು ದಿನಚರಿ ಬರೆಯಬೇಕೆಂಬ ಹಟದವನು. ಒಳ್ಳೆಯದೇ. ಆದರೆ ಮನೆಯ ಹುಡುಗಿಯರ ದಿನಚರಿಯನ್ನು ತಂದೆತಾಯಿ ಓದುತ್ತಿದ್ದರು. ತಾಯಿ ಅದರಲ್ಲೇ ಮಗಳಿಗೆ ಬುದ್ಧಿಮಾತಿನ ಚೀಟಿ ಬರೆದಿಡುತ್ತಿದ್ದಳು. ಪ್ರೀತಿಯಿಂದಲೇ ಬರೆದಿದ್ದಾಳೆ, ನಿಜ. ಹಾಗೆ ಓದಿಸಿಕೊಳ್ಳುವ ದಿನಚರಿಯಲ್ಲಿ ಹನ್ನೆರಡರ ಹುಡುಗಿ ಏನನ್ನು ಬರೆಯುವುದಿಲ್ಲ ಎಂಬುದು ತಾಯಂದಿರಾದ ನಮಗೆ ಹೊಳೆಯಬೇಕು. ಶಾಲೆಯ ಎಷ್ಟೇ ದೋಷ ಹೇಳಿದರೂ ಒಂದನ್ನು ಮರೆಯಬಾರದು: ಅಮ್ಮನಲ್ಲದ ಒಬ್ಬಳು ಓದುಗಳು ಅಲ್ಲಿ ಸಿಗುತ್ತಾಳೆ. ಸೋದರತ್ತೆಯ ಮದುವೆಯ ಬಗ್ಗೆ, ಅಪ್ಪನ ಕುಡಿತದ ಬಗ್ಗೆ, ನನಗೆ ಪ್ರಬಂಧದ ಹೆಸರಿನಲ್ಲಿ ಬಂದಿರುವ ಕಾಗದಗಳನ್ನು ಆ ಹುಡುಗಿಯರು ಮನೆಯ ಊಟದ ಮೇಜಿನ ಮುಂದೆ ಬರೆಯುತ್ತಿರಲಿಲ್ಲ.

ವರ್ಜೀನಿಯಾ ವುಲ್ಫ್ ಕೂಡ ಮನೆಯಲ್ಲಿ ಓದಿದವಳೇ. 1891ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಅಕ್ಕ ಅಣ್ಣಂದಿರೊಡನೆ 'ಹೈಡ್ ಪಾರ್ಕ್ ಗೇಟ್ ನ್ಯೂಸ್' ಎಂಬ ಮನೆವಾರ್ತೆಯ ಪತ್ರಿಕೆ ತೆಗೆದಳು. ಅಮ್ಮ ಊಟ ಮುಗಿಸಿ ಬರುವಷ್ಟರಲ್ಲಿ ಸಂಚಿಕೆಯನ್ನು ಅವಳ ಸೋಫಾದ ಪಕ್ಕದಲ್ಲಿಟ್ಟು, ಅವಳು ಓದಿ ಏನೆನ್ನುತ್ತಾಳೆಂದು ಉಸಿರು ಹಿಡಿದು ಕಾಯುತ್ತಿದ್ದಳೆಂದು ಅಕ್ಕ ವನೆಸ್ಸಾ ನೆನೆದಿದ್ದಾಳೆ. ಅಮ್ಮ ಹೇಳುತ್ತಿದ್ದದ್ದು ಒಂದು ಸಣ್ಣ ಮೆಚ್ಚುಗೆಯ ಮಾತು ಅಷ್ಟೇ, ಮಗಳಿಗೆ ಅದು ಸಾಕಾಗುತ್ತಿತ್ತು. 1895ರಲ್ಲಿ ಆ ತಾಯಿ ತೀರಿಕೊಂಡಳು, ಪತ್ರಿಕೆಯೂ ನಿಂತಿತು. ತಂದೆಯ ಗ್ರಂಥಭಂಡಾರ, ಗ್ರೀಕ್ ಕಲಿಸಲು ಶಿಕ್ಷಕಿ, ಕೆಲವು ವರ್ಷ ಕಿಂಗ್ಸ್ ಕಾಲೇಜಿನ ಮಹಿಳಾ ವಿಭಾಗದ ಪಾಠಗಳು, ಎಲ್ಲ ಇದ್ದವು. ಆದರೆ ಅಣ್ಣ ಥೋಬಿಯೂ ತಮ್ಮ ಏಡ್ರಿಯನ್ನನೂ ಶಾಲೆಗೆ ಹೋದರು, ಕೇಂಬ್ರಿಜ್‌ಗೆ ಹೋದರು. 1938ರ 'ತ್ರೀ ಗಿನೀಸ್'ನಲ್ಲಿ, ಐವತ್ತಾರರ ವಯಸ್ಸಿನಲ್ಲಿ, ಮನೆಯ ಗಂಡುಮಕ್ಕಳ ಓದಿಗೆಂದು ತಲೆತಲಾಂತರದಿಂದ ಹೆಣ್ಣುಮಕ್ಕಳ ಪಾಲನ್ನು ಕತ್ತರಿಸಿ ತುಂಬಿದ ನಿಧಿಯ ಲೆಕ್ಕವನ್ನು ಅವಳು ಬಿಡದೆ ಕೇಳುತ್ತಾಳೆ. ಮನೆಯಲ್ಲಿ ಕಲಿತದ್ದರಿಂದ ಅವಳು ವರ್ಜೀನಿಯಾ ವುಲ್ಫ್ ಆದಳು ಎಂದು ಹೋಂ ಸ್ಕೂಲಿಂಗ್‌ನವರು ಹೇಳುವಾಗ ಈ ಪುಸ್ತಕವನ್ನು ಮರೆತಂತೆ ಕಾಣುತ್ತದೆ.

ನನಗೆ ಮರೆಯುವಂತಿಲ್ಲ. ಮನೆಯೇ ಮೊದಲ ಪಾಠಶಾಲೆ ಎಂಬ ಅರ್ಥದ ಬರಹ ನಮ್ಮ ಶಾಲೆಯ ಗೋಡೆಯ ಮೇಲೂ ಇದೆ. ಆದರೆ ನಮ್ಮ ಊರುಗಳಲ್ಲಿ 'ಹುಡುಗಿ ಮನೆಯಲ್ಲೇ ಇದ್ದಾಳೆ' ಎಂದರೆ ಅವಳು ಕಲಿಯುತ್ತಿದ್ದಾಳೆ ಎಂದು ಅರ್ಥವಲ್ಲ, ಕಲಿಯುವುದು ಮುಗಿಯಿತು ಎಂದರ್ಥ. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಆರರಿಂದ ಹದಿನಾಲ್ಕು ವಯಸ್ಸಿನವರದು. ಹುಡುಗಿಯರನ್ನು ಬಿಡಿಸುವುದು ಬಹುಮಟ್ಟಿಗೆ ಅದರ ಆಚೆ. ಎಷ್ಟೋ ಮನೆಗಳ ಜಗಲಿಯಲ್ಲಿ ಕುಳಿತು, ಕೊಟ್ಟ ಕಾಫಿ ಕುಡಿದು, 'ಇನ್ನೊಂದು ವರ್ಷ ಕಳಿಸಿ' ಎಂದು ಬೇಡಿದ್ದೇನೆ. ಹಾಗಾಗಿ ಮನೆಪಾಠದ ಹೊಗಳಿಕೆ ಕೇಳಿದಾಗ ನನ್ನ ಕಿವಿ ತಾನಾಗಿ ನೆಟ್ಟಗಾಗುತ್ತದೆ.

ಹಾಗೆಂದು ಮನೆಯಲ್ಲಿ ಕಲಿತವರ ಋಣ ನಮ್ಮ ಭಾಷೆಗೆ ಇಲ್ಲವೆಂದಲ್ಲ. ನಂಜನಗೂಡು ತಿರುಮಲಾಂಬ (1887–1982) ಬಾಲವಿಧವೆಯಾಗಿ ತವರಿನಲ್ಲಿ ಉಳಿದು, ತಂದೆಯ ಒತ್ತಾಸೆಯಿಂದ ಮನೆಯಲ್ಲೇ ಓದಿಕೊಂಡವರು. ತಾವು ಕಲಿತದ್ದನ್ನು ಮನೆಗೆ ಬರುವ ಹೆಣ್ಣುಮಕ್ಕಳಿಗೆ ಕಲಿಸಿದರು, 'ಸತೀಹಿತೈಷಿಣಿ' ಗ್ರಂಥಮಾಲೆ ನಡೆಸಿದರು, 'ಕರ್ನಾಟಕ ನಂದಿನಿ' ಎಂಬ ಪತ್ರಿಕೆ ತೆಗೆದರು. ಮನೆಯಲ್ಲಿ ಕುಳಿತೇ ಮನೆಯ ಹೊರಗಿನ ಓದುಗಿತ್ತಿಯರನ್ನು ಹುಡುಕಿಕೊಂಡ ಆ ಹೆಂಗಸಿನ ಛಲವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಅಂಥ ತಂದೆ ಸಿಗದ ಎಷ್ಟು ಬಾಲವಿಧವೆಯರು ಅದೇ ಕಾಲದಲ್ಲಿ ಅಡುಗೆಮನೆಗಳಲ್ಲಿ ಬೂದಿಯಾದರೋ.

ಇನ್ನೊಂದು ಮಾತು. ಮನೆಪಾಠದ ಪುಸ್ತಕಗಳಲ್ಲಿ ಮಗುವಿನ ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಇರುತ್ತದೆ. ಕಲಿಸುವವಳು ಯಾರು, ಅವಳ ದಿನ ಹೇಗೆ ಹೋಗುತ್ತದೆ ಎಂಬುದಿಲ್ಲ. ನನ್ನ ಅಕ್ಕನ ಮಗಳು ಎಂ.ಟೆಕ್. ಓದಿದವಳು, ಕೆಲಸ ಬಿಟ್ಟಿದ್ದಾಳೆ. ನಾನು ಹೊರಡುವ ಹಿಂದಿನ ರಾತ್ರಿ, "ಆರು ವರ್ಷದಿಂದ ನನಗೋಸ್ಕರ ಅಂತ ಒಂದು ಪುಸ್ತಕ ಓದಿಲ್ಲ ಚಿಕ್ಕಮ್ಮ" ಎಂದಳು. ಆ ಸಣ್ಣ ತರಗತಿಯಲ್ಲಿ ನಾನು ಕಂಡ ಅತ್ಯುತ್ತಮ ಸಂಗತಿಯೆಂದರೆ, ಬೇಕಾದರೆ ನಗಿರಿ, ಆ ಒಂದೂವರೆ ಗಂಟೆ ಉಳಿದ ತಾಯಂದಿರು ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಕುಳಿತು ಹರಟುತ್ತಿದ್ದದ್ದು.

ಅಟ್ಟದಲ್ಲಿ ಸಂಪಾದಕಿಯಾಗಿದ್ದ ಜೋ ಮುಂದೆ ಏನು ಮಾಡಿದಳು? 1869ರ ಎರಡನೆಯ ಭಾಗದ ಕೊನೆಗೆ, ಅತ್ತೆಯಿಂದ ಬಂದ ದೊಡ್ಡ ಮನೆಯಲ್ಲಿ ಅವಳು ಶಾಲೆ ತೆರೆಯುತ್ತಾಳೆ. ಹುಡುಗರಿಗಾಗಿ! ನನಗೆ ಈ ಕಾದಂಬರಿಯಲ್ಲಿ ಲಾರಿಯ ಮದುವೆಗಿಂತ ಹೆಚ್ಚು ಬೇಸರ ತಂದದ್ದು ಇದು. 'ಲಿಟ್ಲ್ ಮೆನ್' (1871) ಹೊತ್ತಿಗೆ ಆ ಹುಡುಗರ ಗುಂಪಿನ ನಡುವೆ ಡೈಸಿ, ನ್ಯಾನ್ ಎಂಬ ಹುಡುಗಿಯರು ಸೇರಿದ್ದಾರೆ. ಅದರಲ್ಲೂ ಒಂದು ಪ್ರಬಂಧ ದಿನದ ಅಧ್ಯಾಯವಿದೆ. ಮಕ್ಕಳು ಬರೆದದ್ದನ್ನು ಕೇಳಲು ನೆಂಟರು ಬಂದು ಕೂರುತ್ತಾರೆ. ಡೈಸಿ ಬೆಕ್ಕಿನ ಬಗ್ಗೆ, ನ್ಯಾನ್ ಸ್ಪಂಜಿನ ಬಗ್ಗೆ ಓದುತ್ತಾಳೆ. ಅಟ್ಟದ ಸಂಘ ಶಾಲೆಯೊಳಗೆ ಬಂದಿದೆ, ಕೆಡದೆ ಬಂದಿದೆ. 1886ರ 'ಜೋಸ್ ಬಾಯ್ಸ್'ನಲ್ಲಿ ಅದೇ ನ್ಯಾನ್ ವೈದ್ಯಕೀಯ ಓದುತ್ತಾಳೆ, ಮದುವೆ ಬೇಡವೆಂದು ಡಾಕ್ಟರಾಗುತ್ತಾಳೆ. ಆಲ್ಕಾಟ್‌ಗೆ ಹದಿನೆಂಟು ವರ್ಷ ಹಿಡಿಯಿತು, ಆದರೂ ಅವಳು ಆ ಹುಡುಗಿಯನ್ನು ಮನೆಯಿಂದ ಹೊರಗೆ ತಂದಳು.

ನಮ್ಮ ಶಾಲೆಯಲ್ಲಿ ಶನಿವಾರ ಅರ್ಧ ದಿನ. ಬಸ್ಸು ಬರುವವರೆಗೆ ಒಂದೂವರೆ ಗಂಟೆ ಬಿಡುವು. ಎರಡು ವರ್ಷದಿಂದ ಒಂಬತ್ತು ಹುಡುಗಿಯರು ವಿಜ್ಞಾನದ ಕೋಣೆಯಲ್ಲಿ ಕೂರುತ್ತಾರೆ. ಒಂದೇ ಪ್ರತಿಯ ಕೈಬರಹದ ಪತ್ರಿಕೆ, ಸಂಪಾದಕಿ ತಿಂಗಳಿಗೊಬ್ಬಳು. ನಾನು ಓದುಗಳು ಮಾತ್ರ, ಕೆಂಪು ಪೆನ್ನು ಸ್ಟಾಫ್ ರೂಮಿನಲ್ಲೇ ಇಡಬೇಕೆಂದು ಅವರೇ ಕರಾರು ಮಾಡಿದ್ದಾರೆ. ಮೊದಲ ಗುಂಪಿನ ಒಬ್ಬಳು ಹತ್ತನೆಯದು ಪಾಸಾದ ಮೇಲೆ ಮನೆಯಲ್ಲಿ ಉಳಿದಳು. ತಾಯಿಗೆ ಸೊಂಟನೋವು, ಕಾಲೇಜಿಗೆ ಎರಡು ಬಸ್ಸು ಬದಲಿಸಬೇಕು. ಮುಕ್ತ ಶಾಲೆಯ ಅರ್ಜಿಯ ವಿಷಯ ಹೇಳಿ ಬಂದಿದ್ದೇನೆ, ಅವಳ ತಂದೆ ಇನ್ನೂ ಏನೂ ಹೇಳಿಲ್ಲ. ಅವಳು ಮಾತ್ರ ಎಂಟನೆಯ ತರಗತಿಯಲ್ಲಿರುವ ತಂಗಿಯ ಕೈಲಿ ಪ್ರತಿ ಶನಿವಾರ ಒಂದು ಹಾಳೆ ಕಳಿಸುತ್ತಾಳೆ. ಕಳೆದ ವಾರ ಬಂದದ್ದು ಅಡಿಕೆ ಸುಲಿಯುವ ಬಗ್ಗೆ. ಮೆಟ್ಟುಗತ್ತಿಯ ಮುಂದೆ ಕೂರುವುದು, ಬೆರಳು ಕಪ್ಪಾಗುವುದು, ಅನ್ನ ಕಲಸಿದರೂ ಚೊಗರು ವಾಸನೆ ಹೋಗದಿರುವುದು, ರಾತ್ರಿ ಹನ್ನೊಂದರವರೆಗೆ ಸುಲಿಯುವಾಗ ಹೆಂಗಸರು ಹೇಳುವ ಸುದ್ದಿಗಳು. ಅದರ ಕೆಳಗೆ ಈ ತಿಂಗಳ ಸಂಪಾದಕಿ, ಒಂಬತ್ತನೆಯ ತರಗತಿಯವಳು, ಪೆನ್ಸಿಲಿನಲ್ಲಿ ಬರೆದಿದ್ದಳು: 'ಅಕ್ಕಾ, ತುಂಬಾ ಚೆನ್ನಾಗಿದೆ. ಒಂದೂ ಪೂರ್ಣವಿರಾಮ ಇಲ್ಲ. ಒಂದು ಡಬ್ಬಕ್ಕೆ ಎಷ್ಟು ಕೊಡುತ್ತಾರೆ, ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅಂತ ಮುಂದಿನ ವಾರ ಬರಿ.'